ಬೆಂಗಳೂರಿನ ಮನೆಗಳಿಗೆ ಸೌದೆ: ಕೊಳ್ಳುವುದು, ಒಣಗಿಸುವುದು, ಉರಿಸುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಂಥ ಊರಿನಲ್ಲಿ ಮನೆ ಬೆಚ್ಚಗಿಡಲು ಸೌದೆಯ ಅಗತ್ಯವಿದೆಯೇ?

ಕೋಣೆ ಬೆಚ್ಚಗಿಡುವ ಅಗತ್ಯ ಇಲ್ಲಿ ವರ್ಷಕ್ಕೆ ಕೆಲವೇ ವಾರ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್–ಜನವರಿ ರಾತ್ರಿಗಳ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೆಂದರೆ 1884ರ ಜನವರಿ 13ರ 7.8 ಡಿಗ್ರಿ. ಆದ್ದರಿಂದ ಬೆಂಗಳೂರಿನ ಮನೆಗಳಲ್ಲಿ ಉರಿಯುವ ಸೌದೆಯ ಬಹುಪಾಲು ಹೋಗುವುದು ಬಚ್ಚಲುಮನೆಗೆ: ಹಂಡೆ ಒಲೆಗೆ, ಇಲ್ಲವೇ ನಡುವೆ ಹೊಗೆಕೊಳವೆಯಿರುವ ತಾಮ್ರದ ಅಥವಾ ಸ್ಟೀಲಿನ ಸೌದೆ ಬಾಯ್ಲರ್‌ಗೆ. ದಂಡು ಪ್ರದೇಶದ ಕೆಲವು ಹಳೆಯ ಬಂಗಲೆಗಳಲ್ಲಿಯೂ, ದೇವನಹಳ್ಳಿ ಮತ್ತು ನಂದಿ ಬೆಟ್ಟದ ಕಡೆಯ ತೋಟದ ಮನೆಗಳಲ್ಲಿಯೂ ಗೋಡೆಯೊಳಗಿನ ಬೆಂಕಿಗೂಡುಗಳಿವೆ. ಇಲ್ಲಿನ ಉತ್ತರಗಳು ಎರಡಕ್ಕೂ ಅನ್ವಯಿಸುತ್ತವೆ; ವ್ಯತ್ಯಾಸವಿರುವಲ್ಲಿ ಹೇಳಲಾಗಿದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಲೆ ಹೂಡಬಹುದೇ ಎಂದು ಕೇಳುವವರಿಗೆ ಮಾತ್ರ ಉತ್ತರ ಚಿಕ್ಕದು: ಬೇಡ.

ಹಸಿ ಸೌದೆಯೂ ಕೊನೆಗೆ ಉರಿದೇ ಉರಿಯುತ್ತದೆ. ಹಾಗಿರುವಾಗ ಒಣಗಿಸುವ ಶ್ರಮವೇಕೆ?

ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ತೂಕದ ಶೇ 20ರಷ್ಟು ಮಾತ್ರ ನೀರಿರುವ ಒಣಸೌದೆಯ ಒಂದು ಕಿಲೋದಿಂದ ಸುಮಾರು 14 ಮೆಗಾಜೂಲ್ ಶಾಖ ದೊರೆತರೆ, ಅರ್ಧ ನೀರೇ ಇರುವ ಹಸಿ ಸೌದೆಯ ಒಂದು ಕಿಲೋದಿಂದ ದೊರೆಯುವುದು ಸುಮಾರು 8 ಮೆಗಾಜೂಲ್ ಮಾತ್ರ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಆ ನೀರನ್ನು ಆವಿ ಮಾಡಲು ಖರ್ಚಾಗುವ ಶಾಖವೇ ಮುಖ್ಯ ನಷ್ಟವೆಂದು ಜನ ಭಾವಿಸುತ್ತಾರೆ; ಲೆಕ್ಕ ಹಾಕಿದರೆ ಅದು ಹಸಿ ಸೌದೆಯಲ್ಲಿಯೂ ಮರದ ಶಾಖದ ಎಂಟನೆಯ ಒಂದು ಪಾಲಿನಷ್ಟೇ. ದೊಡ್ಡ ನಷ್ಟ ಬೇರೆ ಕಡೆ ಇದೆ. ಮರ ಬಿಸಿಯಾದಾಗ ಹೊರಬರುವ ಅನಿಲಗಳು ಹೊತ್ತಿಕೊಳ್ಳಬೇಕಾದರೆ ಒಲೆಯ ಒಳಗೆ ಸಾಕಷ್ಟು ಕಾವಿರಬೇಕು. ನೀರು ಆವಿಯಾಗುತ್ತಿರುವಷ್ಟು ಹೊತ್ತು ಆ ಕಾವು ಏರುವುದೇ ಇಲ್ಲ. ಹೀಗಾಗಿ ಉರಿಯಬೇಕಾಗಿದ್ದ ಅನಿಲ ಉರಿಯದೆ ಹೊಗೆಯಾಗಿ ಹೊರಟುಹೋಗುತ್ತದೆ. ಕಣ್ಣು ಉರಿಸುವ ಹೊಗೆಯೆಂದರೆ ನಾವು ದುಡ್ಡು ಕೊಟ್ಟು ತಂದು ಉರಿಸದೆ ಬಿಟ್ಟ ಸೌದೆಯೇ ಆಗಿದೆ.

ಚಳಿಗಾಲಕ್ಕೆ ಬೇಕಾದ ಸೌದೆಯನ್ನು ಯಾವಾಗ ಕೊಳ್ಳಬೇಕು?

ಚಳಿ ಮುಗಿಯುವ ಹೊತ್ತಿಗೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆ ತೊಳೆದು ಸಿಂಗರಿಸುವಾಗ ಸೌದೆಯ ನೆನಪಾಗುವುದು ಹಲವರ ರೂಢಿ. ಆದರೆ ಆ ಹೊತ್ತಿಗೆ ಬೆಂಗಳೂರು ಏಪ್ರಿಲ್–ಮೇ ತಿಂಗಳ ಗುಡುಗುಮಳೆ, ಮುಂಗಾರು, ಹಿಂಗಾರು ಎಲ್ಲವನ್ನೂ ಕಂಡಿರುತ್ತದೆ. ಇಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಅಕ್ಟೋಬರ್ ಕೂಡ ಹಿಂದೆ ಬೀಳುವುದಿಲ್ಲ. ನವೆಂಬರಿನಲ್ಲಿ ಮಾರುಕಟ್ಟೆಗೆ ಬರುವ ಹೊಸ ಸೌದೆಗೆ ಒಣಗುವ ಅವಕಾಶವೇ ಸಿಕ್ಕಿರುವುದಿಲ್ಲ.

ಮರ ತನ್ನ ಸುತ್ತಲಿನ ಗಾಳಿಯೊಂದಿಗೆ ಸಮಸ್ಥಿತಿಗೆ ಬರುವವರೆಗೆ ಮಾತ್ರ ಒಣಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 80 ಇದ್ದರೆ ಮರದ ತೇವಾಂಶ ಶೇ 16ರ ಹತ್ತಿರ ನಿಲ್ಲುತ್ತದೆ. ಆರ್ದ್ರತೆ ಶೇ 40ಕ್ಕೆ ಇಳಿದರೆ ತೇವಾಂಶ ಶೇ 8ರವರೆಗೂ ಇಳಿಯಬಲ್ಲದು. ಬೆಂಗಳೂರಿನಲ್ಲಿ ಗಾಳಿ ಹೀಗೆ ಒಣಗಿರುವುದು ಜನವರಿಯಿಂದ ಏಪ್ರಿಲ್ ಮೊದಲ ಭಾಗದವರೆಗೆ, ಅದರಲ್ಲಿಯೂ ಫೆಬ್ರುವರಿ–ಮಾರ್ಚ್ ಮಧ್ಯಾಹ್ನಗಳಲ್ಲಿ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಸೌದೆಯವನನ್ನು ಮಾತಾಡಿಸಬೇಕಾದ ಸಮಯ ಅದೇ, ಸಾಧ್ಯವಾದರೆ ಅದಕ್ಕಿಂತ ಒಂದು ತಿಂಗಳು ಮೊದಲು. ಆಗ ಕೊಳ್ಳುವವರು ಕಡಿಮೆಯಿರುವುದರಿಂದ ಚೌಕಾಶಿಗೂ ಎಡೆಯಿರುತ್ತದೆ.

ಒಣಗಲು ಎಷ್ಟು ಕಾಲ ಬೇಕು?

ಅದು ಮರಕ್ಕಿಂತ ಹೆಚ್ಚಾಗಿ ತುಂಡಿನ ಉದ್ದ ಮತ್ತು ದಪ್ಪಕ್ಕೆ ಸಂಬಂಧಿಸಿದ ಮಾತು. ಮರದೊಳಗಿನ ನೀರು ಬೇರಿನಿಂದ ಎಲೆಗೆ ಸಾಗುತ್ತಿದ್ದ ನಾಳಗಳ ದಿಕ್ಕಿನಲ್ಲಿ, ಎಂದರೆ ಕತ್ತರಿಸಿದ ತುದಿಗಳ ಮೂಲಕ, ಅಡ್ಡ ದಿಕ್ಕಿಗಿಂತ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ವೇಗವಾಗಿ ಹೊರಬರುತ್ತದೆ. ತೊಗಟೆಯಂತೂ ನೀರನ್ನು ಹಿಡಿದಿಡಲೆಂದೇ ಇರುವ ಹೊದಿಕೆ. ಆದುದರಿಂದ ಮೂರಡಿ ಉದ್ದದ ಇಡಿಯ ದಿಮ್ಮಿ ಒಂದು ಬೇಸಿಗೆ ಕಳೆದರೂ ಒಳಗೆ ಹಸಿಯಾಗಿಯೇ ಉಳಿಯಬಹುದು. ಅದೇ ದಿಮ್ಮಿಯನ್ನು ಒಂದಡಿಯ ಮೂರು ತುಂಡು ಮಾಡಿ, ಮುಂಗೈ ದಪ್ಪಕ್ಕೆ ಸೀಳಿ ಜನವರಿಯಲ್ಲಿ ಒಟ್ಟಿದರೆ ಮೇ ತಿಂಗಳ ಜೋರು ಮಳೆಗೆ ಮುಂಚೆ ಉರಿಸಲು ತಕ್ಕಷ್ಟು ಒಣಗಿರುತ್ತದೆ. ಹುಣಸೆ, ಜಾಲಿಯಂಥ ಗಟ್ಟಿ ಮರದ ದಪ್ಪ ಕೊರಡುಗಳಿಗೆ ಮಾತ್ರ ಒಂದು ವರ್ಷ ಪೂರ್ತಿ ಕೊಡುವುದು ಒಳ್ಳೆಯದು.

ನೀಲಗಿರಿಯ ವಿಷಯದಲ್ಲಿ ತಡಮಾಡಬಾರದು. ಹಸಿಯಿರುವಾಗ ಒಂದೇ ಪೆಟ್ಟಿಗೆ ಸೀಳುವ ಈ ಮರ ಒಣಗಿದ ಮೇಲೆ ಕೊಡಲಿಯನ್ನು ಕಚ್ಚಿಕೊಂಡು ಬಿಡುವುದಿಲ್ಲ. ಲಾರಿಯಿಂದ ಇಳಿಸಿದ ವಾರದೊಳಗೇ ಸೀಳಿಸಿಬಿಡಿ.

ಒಣಗಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ?

ತುದಿಯಲ್ಲಿ ತಿರುಳಿನಿಂದ ಹೊರಕ್ಕೆ ಕಿರಣಗಳಂತೆ ಬಿರುಕು ಬಿಟ್ಟಿರುವುದು, ತೊಗಟೆ ತಾನಾಗಿ ಕಳಚುವುದು, ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದಾಗ ಮಂದವಾದ ಸದ್ದಿನ ಬದಲು ‘ಟಣ್’ ಎನ್ನುವುದು ಇವೆಲ್ಲ ಒಳ್ಳೆಯ ಗುರುತುಗಳೇ. ಆದರೆ ತುದಿಯ ಬಿರುಕನ್ನೊಂದೇ ನಂಬಬೇಡಿ. ಬಿಸಿಲಿಗೆ ತುದಿ ಬೇಗ ಒಣಗಿ ಬಿರಿದಿದ್ದು ನಡುಭಾಗ ಹಸಿಯಾಗಿರುವುದುಂಟು. ಅನುಮಾನವಿದ್ದರೆ ಒಂದು ತುಂಡನ್ನು ಸೀಳಿ, ಹೊಸ ಸೀಳಿನ ಮೈಯನ್ನು ಕೆನ್ನೆಗೆ ಒತ್ತಿ ನೋಡಿ. ಹಸಿಯಿದ್ದರೆ ತಣ್ಣಗೆ ತಾಗುತ್ತದೆ. ಒಲೆಗೆ ಹಾಕಿದ ಮೇಲಂತೂ ಯಾವ ಪರೀಕ್ಷೆಯೂ ಬೇಡ: ಹಸಿ ಸೌದೆಯ ಹೊರಚಾಚಿದ ತುದಿಯಲ್ಲಿ ಮೊದಲು ನೀರಿನ ಹನಿಗಳು ಸಾಲಾಗಿ ಮೂಡುತ್ತವೆ, ಆಮೇಲೆ ಅವು ಕಂದು ನೊರೆಯಾಗಿ ಉಕ್ಕಿ ‘ಸುಯ್’ ಎಂದು ಸದ್ದು ಮಾಡುತ್ತ ಒಲೆಯ ಬಾಯಿಗೆ ತೊಟ್ಟಿಕ್ಕುತ್ತವೆ.

ಖಚಿತವಾಗಿ ತಿಳಿಯಬೇಕೆನ್ನುವವರಿಗೆ ಅಡುಗೆಮನೆಯ ತಕ್ಕಡಿಯೇ ಸಾಕು. ಒಟ್ಟಿಲಿನ ನಡುವಿನಿಂದ ಎರಡು ಮೂರು ತುಂಡುಗಳಿಗೆ ಗುರುತು ಹಾಕಿ ತೂಕ ಬರೆದಿಡಿ, ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಒಣಗುವುದೂ ನಿಂತಿದೆಯೆಂದು ತಿಳಿಯಬಹುದು. ಎರಡು ಮುಳ್ಳುಗಳಿರುವ ತೇವಾಂಶ ಮಾಪಕವನ್ನು ಬಳಸುವವರು ಅದನ್ನು ಹೊಸದಾಗಿ ಸೀಳಿದ ಮೈಗೆ ಚುಚ್ಚಬೇಕು, ಹೊರಮೈಗಲ್ಲ. ಇನ್ನೊಂದು ಸಂಗತಿ: ಇಂಥ ಮಾಪಕಗಳು ಸಾಮಾನ್ಯವಾಗಿ ತೋರಿಸುವುದು ಒಣ ಮರದ ತೂಕಕ್ಕೆ ಹೋಲಿಸಿದ ನೀರಿನ ಪ್ರಮಾಣವನ್ನು. ಆ ಲೆಕ್ಕದಲ್ಲಿ ಶೇ 100 ಎಂದರೆ ಒಟ್ಟು ತೂಕದಲ್ಲಿ ಅರ್ಧ ನೀರು ಎಂದರ್ಥ. ಶೇ 25 ಎಂದು ತೋರಿಸಿದರೆ ಒಟ್ಟು ತೂಕದಲ್ಲಿ ಶೇ 20 ನೀರಿದೆ, ಅದು ಉರಿಸಲು ಯೋಗ್ಯ.

ಡಿಪೋದಲ್ಲಿ ಒಣಸೌದೆಗೆ ಹೆಚ್ಚು ಬೆಲೆ ಹೇಳುತ್ತಾರೆ. ಕೊಡಬೇಕೇ?

ಇಡೀ ವ್ಯವಹಾರದಲ್ಲಿ ಕೊಳ್ಳುವವರು ಹೆಚ್ಚು ಸೋಲುವುದು ಇಲ್ಲಿಯೇ ಆದ್ದರಿಂದ ಲೆಕ್ಕವನ್ನು ಬಿಡಿಸಿ ನೋಡೋಣ. ತೂಕದ ಶೇ 45ರಷ್ಟು ನೀರಿರುವ 500 ಕಿಲೋ ಸೌದೆ ಕೊಂಡರೆ ಅದರಲ್ಲಿ ನಿಜವಾದ ಮರ 275 ಕಿಲೋ, ನೀರು 225 ಕಿಲೋ. ಅದು ಶೇ 20ಕ್ಕೆ ಒಣಗಿದಾಗ ತಕ್ಕಡಿಯಲ್ಲಿ ಉಳಿಯುವುದು ಸುಮಾರು 344 ಕಿಲೋ. ಅಂದರೆ ಕಿಲೋ ಲೆಕ್ಕದಲ್ಲಿ ಹಸಿ ಸೌದೆಯ ಬೆಲೆಯ ಸುಮಾರು ಒಂದೂವರೆ ಪಟ್ಟು ಕೊಟ್ಟು ನಿಜವಾಗಿ ಒಣಗಿದ ಸೌದೆಯನ್ನು ಕೊಂಡರೂ ಅದೇ ದುಡ್ಡಿಗೆ ನಿಮಗೆ ಬರುವ ಮರ ಅಷ್ಟೇ, ಜೊತೆಗೆ ತಿಂಗಳುಗಟ್ಟಲೆ ಕಾಯುವ ಮತ್ತು ಜಾಗ ಹೊಂದಿಸುವ ತೊಂದರೆ ತಪ್ಪುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಹಸಿಯದ್ದನ್ನೇ ತಂದು ಒಣಗಿಸಿಕೊಳ್ಳುವುದು ಲಾಭ.

‘ಒಣಸೌದೆ’ ಎಂಬ ಮಾತನ್ನು ಮಾತ್ರ ಪರೀಕ್ಷಿಸದೆ ಒಪ್ಪಬೇಡಿ. ಮಾರುವವರ ದೃಷ್ಟಿಯಲ್ಲಿ ಎಲೆ ಉದುರಿ ತೊಗಟೆ ಬಣ್ಣಗೆಟ್ಟ ಮರವೆಲ್ಲ ಒಣಸೌದೆಯೇ. ತೂಗುವ ಮುಂಚೆ ಧೂಳು ಅಡಗಲೆಂದು ನೀರು ಚಿಮುಕಿಸುವ ಕಡೆ ವ್ಯವಹಾರ ಮಾಡದಿರುವುದು ಮೇಲು.

ಈಗ ಬೆಂಗಳೂರಿನಲ್ಲಿ ಸೌದೆ ಎಲ್ಲಿ ಸಿಗುತ್ತದೆ?

ಒಂದು ಕಾಲಕ್ಕೆ ಬಡಾವಣೆಗೊಂದರಂತೆ ಇದ್ದ ಸೌದೆ ಡಿಪೋಗಳು ಅಡುಗೆ ಅನಿಲ ಬಂದ ಮೇಲೆ ವಿರಳವಾದವು. ಉಳಿದಿರುವವು ಹೆಚ್ಚಾಗಿ ಬೇಕರಿ, ಕಲ್ಯಾಣಮಂಟಪದ ಅಡುಗೆಯವರು ಮತ್ತು ಚಿತಾಗಾರಗಳನ್ನು ನಂಬಿಕೊಂಡಿವೆ. ಅಲ್ಲಿ ಸಿಗುವುದು ಬಹುತೇಕ ನೀಲಗಿರಿ, ಸರ್ವೆ ಮತ್ತು ಸಿಲ್ವರ್ ಓಕ್. ನೀಲಗಿರಿಯ ಹೊಸ ನೆಡುವಿಕೆಯನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದರೂ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಹಳೆಯ ತೋಪುಗಳ ಮರ ಇನ್ನೂ ಬರುತ್ತಿದೆ.

ನಮ್ಮ ಅನುಭವದಲ್ಲಿ ಮನೆಬಳಕೆಗೆ ಡಿಪೋಗಿಂತ ಉತ್ತಮವಾದ ಮೂಲಗಳು ಬೇರೆ ಇವೆ. ಸಾಮಿಲ್ಲಿನಲ್ಲಿ ದಿಮ್ಮಿ ಕೊಯ್ದಾಗ ಉಳಿಯುವ ಚಕ್ಕೆಗಳು ತೆಳುವಾಗಿರುವುದರಿಂದ ಒಂದೆರಡು ತಿಂಗಳಲ್ಲಿಯೇ ಒಣಗುತ್ತವೆ. ಕಟ್ಟಡಗಳಲ್ಲಿ ಸಾರುವೆ ಕಟ್ಟಲು ಬಳಸಿ ಬಳಸಿ ಸವೆದ ಸರ್ವೆ ಗಳಗಳು ವರ್ಷಗಟ್ಟಲೆ ಬಿಸಿಲು ಕಂಡಿರುವುದರಿಂದ, ಮೊಳೆ ಕಿತ್ತುಕೊಂಡರೆ, ಬಹಳ ಒಳ್ಳೆಯ ಸೌದೆ. ರಾಮನಗರ, ಶಿಡ್ಲಘಟ್ಟದ ಕಡೆ ನಂಟರಿದ್ದವರಿಗೆ ರೇಷ್ಮೆ ಸಾಕಣೆಯಲ್ಲಿ ಎಲೆ ತೆಗೆದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ಸಿಗುತ್ತದೆ. ಹೊತ್ತಿಸಲು ಅದಕ್ಕಿಂತ ಮಿಗಿಲಾದುದಿಲ್ಲ. ಹಿತ್ತಲಲ್ಲಿ ನಾಲ್ಕು ತೆಂಗಿನ ಮರಗಳಿದ್ದರಂತೂ ಮಟ್ಟೆ, ಹೊಂಬಾಳೆ, ಕರಟ, ಒಣಸಿಪ್ಪೆಗಳಿಂದಲೇ ಬಚ್ಚಲ ಒಲೆಯ ದೊಡ್ಡ ಪಾಲು ನಡೆದುಹೋಗುತ್ತದೆ.

ಯಾವ ಮರ ಒಳ್ಳೆಯದು?

ಒಂದೇ ಮಟ್ಟಕ್ಕೆ ಒಣಗಿದ ಯಾವ ಮರವಾದರೂ ಕಿಲೋ ಒಂದಕ್ಕೆ ಕೊಡುವ ಶಾಖದಲ್ಲಿ ದೊಡ್ಡ ಅಂತರವಿಲ್ಲ. ಅಂತರವಿರುವುದು ಸಾಂದ್ರತೆಯಲ್ಲಿ. ಸರ್ವೆ, ಜಾಲಿ, ಬಳ್ಳಾರಿ ಜಾಲಿ, ಹುಣಸೆಗಳ ಒಂದು ತುಂಡು ಹೆಚ್ಚು ತೂಗುತ್ತದೆ, ನಿಧಾನವಾಗಿ ಉರಿಯುತ್ತದೆ, ಗಟ್ಟಿ ಕೆಂಡ ಕೊಡುತ್ತದೆ; ಕೋಣೆಯ ಬೆಂಕಿಗೂಡಿಗೆ ಬೇಕಾದುದು ಇದು. ಸಿಲ್ವರ್ ಓಕ್, ಗುಲ್‌ಮೊಹರ್, ಮಳೆಮರಗಳು ಬೇಗ ಹೊತ್ತಿ ಬೇಗ ಮುಗಿಯುತ್ತವೆ. ಬೆಳಗ್ಗೆ ಅರ್ಧ ಗಂಟೆಯಲ್ಲಿ ನೀರು ಕಾಯಬೇಕಾದ ಬಚ್ಚಲಿಗೆ ಇದೇನೂ ದೋಷವಲ್ಲ. ತೂಕದ ಲೆಕ್ಕದಲ್ಲಿ ಕೊಳ್ಳುವಾಗ ಯಾವ ಮರವೆಂಬ ಚಿಂತೆಗಿಂತ ಎಷ್ಟು ಒಣಗಿದೆ ಎಂಬ ಚಿಂತೆ ಮುಖ್ಯ. ಗಾಡಿ ಲೆಕ್ಕದಲ್ಲಿ ಕೊಳ್ಳುವಾಗ ಮಾತ್ರ ಗಟ್ಟಿ ಮರವನ್ನೇ ಕೇಳಿ.

ಕಣಗಿಲೆಯ ಕಡ್ಡಿಯನ್ನು ಯಾವ ಒಲೆಗೂ ಹಾಕಬಾರದು. ಅದರ ಹೊಗೆಯೂ ವಿಷ.

ನಮ್ಮ ಕಾಂಪೌಂಡಿನ ಮರವನ್ನು ಕಡಿದು ಬಳಸಬಹುದೇ? ಮಳೆಗೆ ರಸ್ತೆಗುರುಳಿದ ಮರವನ್ನು?

ಸ್ವಂತ ನಿವೇಶನದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕಡಿಯುವ ಮುನ್ನ ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯಿದ್ದು, 2015ರ ತಿದ್ದುಪಡಿಯಲ್ಲಿ ಆ ಪಟ್ಟಿ ಬೆಳೆಯಿತು. ರಸ್ತೆಯ ಮರ ಉರುಳಿದರೂ ಅದು ಸಾರ್ವಜನಿಕ ಸ್ವತ್ತೇ. ಪಾಲಿಕೆಯ ಅರಣ್ಯ ವಿಭಾಗದ ಸಿಬ್ಬಂದಿಯನ್ನು ಕೇಳದೆ ಕೊಂಬೆಯನ್ನೂ ಎಳೆದುಕೊಂಡು ಬರಬಾರದು. ಶ್ರೀಗಂಧದ ಗಿಡ ತಾನಾಗಿ ಒಣಗಿ ನಿಂತಿದ್ದರೂ ಅದರ ಗೊಡವೆಗೆ ಹೋಗದೆ ಅರಣ್ಯ ಇಲಾಖೆಗೆ ತಿಳಿಸುವುದು ಕ್ಷೇಮ. ಕೊಂಡ ಸೌದೆಗೆ ರಶೀದಿ ಇಟ್ಟುಕೊಳ್ಳಿ.

ಹಳೆಯ ಬಾಗಿಲು, ಪ್ಲೈವುಡ್, ಪೀಣ್ಯ ಕಡೆಯ ಕಾರ್ಖಾನೆಗಳಲ್ಲಿ ಸರಕು ಇಡುವ ಮರದ ಪ್ಯಾಲೆಟ್‌ಗಳನ್ನು ಉರಿಸಬಹುದೇ?

ಬಣ್ಣ, ವಾರ್ನಿಷ್, ಅಂಟು ಇರುವ ಯಾವುದನ್ನೂ ಉರಿಸಬಾರದು. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ. ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಗೆದ್ದಲು ಹಿಡಿಯದಂತೆ ರಾಸಾಯನಿಕ ಕುಡಿಸಿದ ಮರದ ಬೂದಿಯಲ್ಲಿ ಆರ್ಸೆನಿಕ್ ಉಳಿಯುವ ಸಂಭವವಿದೆ. ಸೆಂಟ್ರಿಂಗ್ ಹಲಗೆಗಳಿಗೆ ಎಣ್ಣೆಯೂ ಸಿಮೆಂಟೂ ಅಂಟಿರುತ್ತವೆ. ಪ್ಯಾಲೆಟ್‌ಗಳ ವಿಷಯ ಸ್ವಲ್ಪ ಬೇರೆ. ವಿದೇಶ ಸಾಗಣೆಯ ಪ್ಯಾಲೆಟ್‌ಗಳ ಮೇಲೆ ಗೋಧಿ ತೆನೆಯಂಥ ಚಿಹ್ನೆಯ ಪಕ್ಕ ಇಂಗ್ಲಿಷ್ ಅಕ್ಷರಗಳ ಮುದ್ರೆಯಿರುತ್ತದೆ. ‘ಎಚ್‌ಟಿ’ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಮನೆಗೆ ತರಬೇಡಿ. ಮುದ್ರೆಯಿಲ್ಲದಿದ್ದರೂ, ಮರದ ಮೇಲೆ ಏನಾದರೂ ಚೆಲ್ಲಿದ ಕಲೆಯಿದ್ದರೂ ಬೇಡವೆನ್ನುವುದೇ ಸರಿ.

ಸೌದೆಯನ್ನು ಹೇಗೆ ಒಟ್ಟಬೇಕು? ತಾರಸಿಯ ಮೇಲೆ ಇಡಬಹುದೇ?

ನೆಲಕ್ಕೆ ತಾಗದಂತೆ ಇಟ್ಟಿಗೆ ಅಥವಾ ಸೈಜು ಕಲ್ಲುಗಳ ಮೇಲೆ ಎರಡು ಗಳ ಹಾಸಿ, ಅದರ ಮೇಲೆ ಒಂದೇ ಸಾಲಿನಲ್ಲಿ, ಕತ್ತರಿಸಿದ ತುದಿಗಳು ಗಾಳಿಗೆ ತೆರೆದಿರುವಂತೆ ಒಟ್ಟಬೇಕು. ಗೋಡೆಗೆ ಒತ್ತಿ ಒಟ್ಟಿದರೆ ಹಿಂಬದಿ ಒಣಗುವುದಿಲ್ಲ, ಗೇಣಗಲ ಬಿಡಿ. ಮಳೆಗಾಲ ಬಂದಾಗ ಮೇಲ್ಭಾಗಕ್ಕೆ ಮಾತ್ರ ಜಿಂಕ್ ಶೀಟೋ ಟಾರ್ಪಾಲೋ ಹಾಕಿ, ಪಕ್ಕಗಳನ್ನು ತೆರೆದಿಡಿ. ಇಡೀ ಒಟ್ಟಿಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಒಳಗಿನ ತೇವ ಹೊರಹೋಗಲಾರದೆ ಬೂಷ್ಟು ಹಿಡಿಯುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮ–ನೈಋತ್ಯದಿಂದ ಬೀಸುವುದರಿಂದ ಆ ಬದಿಯಲ್ಲಿ ಶೀಟನ್ನು ಒಂದಡಿ ಮುಂಚಾಚಿದರೆ ಇರುಚಲು ತಪ್ಪುತ್ತದೆ. ಒಣಗಿದ ಸೌದೆ ಒಂದೆರಡು ಮಳೆಗೆ ನೆನೆದರೆ ಗಾಬರಿ ಬೇಡ. ಅದು ಹೊರಮೈಯ ನೀರು, ಬಿಸಿಲು ಬಂದ ಕೆಲವು ದಿನಗಳಲ್ಲಿ ಹೋಗುತ್ತದೆ.

ನಗರದಲ್ಲಿ ಜಾಗವಿರುವುದೇ ತಾರಸಿಯಲ್ಲಿ, ಬಿಸಿಲು ಗಾಳಿ ಎರಡೂ ಅಲ್ಲಿ ಚೆನ್ನಾಗಿವೆ. ಆದರೆ ಭಾರವನ್ನು ಯೋಚಿಸಬೇಕು. ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಎಂದರೆ ಸುಮಾರು 150 ಕಿಲೋ. ಗಟ್ಟಿ ಮರವನ್ನು ಒಂದು ಮೀಟರ್ ಎತ್ತರಕ್ಕೆ ಒಟ್ಟಿದರೆ, ಒಣಗಿದ್ದಾಗಲೇ ಚದರ ಮೀಟರಿಗೆ 400 ಕಿಲೋ ದಾಟುತ್ತದೆ, ಹಸಿಯಾಗಿದ್ದರೆ ಇನ್ನೂ ಹೆಚ್ಚು. ತಾರಸಿಯಲ್ಲಿ ಒಟ್ಟಲೇಬೇಕಾದರೆ ಒಂದಡಿ ಎತ್ತರ ಮೀರದಂತೆ, ಕೆಳಗೆ ಗೋಡೆಯಿರುವ ಅಂಚಿನುದ್ದಕ್ಕೆ ಹರಡಿ.

ಒಂದು ಸಂಸಾರಕ್ಕೆ ಎಷ್ಟು ಸೌದೆ ಬೇಕು? ಗೀಜರ್‌ಗಿಂತ ಅಗ್ಗವೇ?

50 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 5.2 ಮೆಗಾಜೂಲ್ ಶಾಖ, ಎಂದರೆ ಒಂದೂವರೆ ಯೂನಿಟ್ ವಿದ್ಯುತ್ತಿನಷ್ಟು ಬೇಕು. ಹಂಡೆ ಒಲೆಯಲ್ಲಿ ಐದರಲ್ಲಿ ಒಂದು ಪಾಲು ಶಾಖ ನೀರಿಗೆ ತಲುಪುತ್ತದೆಂದು ಹಿಡಿದರೆ ಅದಕ್ಕೆ ಒಣಸೌದೆ ಎರಡು ಕಿಲೋಗಿಂತ ಸ್ವಲ್ಪ ಕಡಿಮೆ ಸಾಕು. ದಿನಕ್ಕೆ 100 ಲೀಟರ್ ಬಳಸುವ ಮನೆಗೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ನಾಲ್ಕು ತಿಂಗಳಿಗೆ 450–500 ಕಿಲೋ ಒಣಸೌದೆ ಇಟ್ಟುಕೊಂಡರೆ ಆಯಿತು.

ದಿನಕ್ಕೆ ನಾಲ್ಕು ಕಿಲೋ ಸೌದೆಯ ಬೆಲೆಯನ್ನು ಮೂರು ಯೂನಿಟ್ ವಿದ್ಯುತ್ತಿನ ಬೆಲೆಯ ಪಕ್ಕ ಇಟ್ಟು ನೀವೇ ನೋಡಿ. ಎಲ್ಲವನ್ನೂ ಕೊಂಡೇ ಉರಿಸುವವರಿಗೆ ಉಳಿತಾಯ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ತಾರಸಿಯಲ್ಲಿ ಸೋಲಾರ್ ಇರುವವರಿಗೆ ಮೋಡದ ದಿನಗಳಿಗೆ ಮಾತ್ರ ಒಲೆ ಸಾಕು. ತೆಂಗಿನ ಮಟ್ಟೆ, ಸಾಮಿಲ್ ಚಕ್ಕೆಯಂಥ ಪುಕ್ಕಟೆ ಅಥವಾ ಅಗ್ಗದ ಮೂಲವಿದ್ದರೆ ಲೆಕ್ಕ ಬದಲಾಗುತ್ತದೆ.

ಹೊಗೆಯಿಂದ ಅಕ್ಕಪಕ್ಕದವರಿಗೆ ತೊಂದರೆಯಾಗುತ್ತಿದೆ. ಏನು ಮಾಡಬೇಕು?

ಸೌದೆ ಒಣಗಿದ್ದೂ ಹೊಗೆ ಬರುತ್ತಿದ್ದರೆ ಒಲೆಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಒಲೆಯ ಬಾಯಿ ತುಂಬ ಸೌದೆ ತುರುಕಬಾರದು. ತೆಳುವಾಗಿ ಸೀಳಿದ ಎರಡು ಮೂರು ತುಂಡುಗಳನ್ನು ಆಗಾಗ ಮುಂದೂಡುವುದೇ ಕ್ರಮ. ಸೌದೆಯ ಅಡಿಯಲ್ಲಿ ಕಬ್ಬಿಣದ ಜಾಲರಿ ಇಟ್ಟು ಕೆಳಗಿನಿಂದ ಗಾಳಿ ಬರಲು ದಾರಿ ಮಾಡಿದರೆ ಉರಿಯ ಬಣ್ಣವೇ ಬದಲಾಗುತ್ತದೆ. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆಯ ಹಿಂದಿನ ವಿಚಾರವೂ ಮುಖ್ಯವಾಗಿ ಜಾಲರಿ, ಮುಚ್ಚಿದ ಉರಿಗೂಡು ಮತ್ತು ಹೊಗೆಕೊಳವೆ ಇವೇ ಆಗಿದ್ದವು. ತರಗೆಲೆ, ಕಸ, ಪ್ಲಾಸ್ಟಿಕ್‌ಗಳನ್ನು ಒಲೆಗೆ ಸುರಿಯುವ ಅಭ್ಯಾಸವಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಕಸವನ್ನು ಬಯಲಲ್ಲಿ ಸುಡುವುದಕ್ಕಂತೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿಯೇ ನಿಷೇಧ ಹೇರಿದೆ.

ರಾತ್ರಿ ಕೋಣೆಯಲ್ಲಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬಹುದೇ?

ಎಂದಿಗೂ ಕೂಡದು. ಹೊಗೆಯಿಲ್ಲದ ಕೆಂಡ ನಿರಪಾಯಕಾರಿಯೆಂದು ಕಾಣುತ್ತದೆ, ಆದರೆ ಅದರಿಂದಲೇ ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಹೊಗೆಕೊಳವೆಯಿಲ್ಲದ ಯಾವ ಬೆಂಕಿಯೂ ಮುಚ್ಚಿದ ಕೋಣೆಯೊಳಗೆ ಇರಬಾರದು. ಬಚ್ಚಲ ಒಲೆ ಸ್ನಾನದ ಕೋಣೆಯ ಒಳಗೇ ಇದ್ದರೆ ಬಾಗಿಲ ಮೇಲಿನ ಗವಾಕ್ಷಿಯನ್ನು ಚಳಿಯೆಂದು ಮುಚ್ಚಬೇಡಿ, ಮಕ್ಕಳು ಸ್ನಾನಕ್ಕೆ ಹೋಗುವ ಮುನ್ನ ಕೆಂಡವನ್ನು ಹೊರತೆಗೆಯಿರಿ.

ಹೊಗೆಕೊಳವೆಯನ್ನು ಎಷ್ಟು ದಿನಕ್ಕೊಮ್ಮೆ ಶುಚಿಗೊಳಿಸಬೇಕು?

ನಿತ್ಯ ಉರಿಸುವ ಮನೆಯಲ್ಲಿ ವರ್ಷಕ್ಕೆ ಎರಡು ಬಾರಿ. ಒಳಗೆ ಪುಡಿ ಮಸಿ ಇದ್ದರೆ ಬ್ರಷ್ಷಿಗೆ ಬರುತ್ತದೆ. ಡಾಂಬರಿನಂತೆ ಮಿರುಗುವ ಕಪ್ಪು ಪದರವಿದ್ದರೆ ಅದು ಹಸಿ ಸೌದೆಯ ಹೊಗೆ ತಣ್ಣಗಾಗಿ ಕಟ್ಟಿದ ಕ್ರಿಯೋಸೋಟ್. ಒಮ್ಮೆ ಹೊತ್ತಿಕೊಂಡರೆ ಕೊಳವೆಯೇ ಉರಿಯುತ್ತದೆ. ಅಂಥ ಪದರ ಕಂಡರೆ ಶುಚಿಗೊಳಿಸುವವರೆಗೆ ಬೆಂಕಿ ಹಾಕಬಾರದು.

ಒಟ್ಟಿಲಿನಲ್ಲಿ ಹಾವು, ಚೇಳು, ಗೆದ್ದಲು ಸೇರುತ್ತವೆಯಲ್ಲ?

ಸೇರುತ್ತವೆ. ನೆಲದಿಂದ ಎತ್ತರಿಸಿ, ಮನೆಯ ಗೋಡೆಯಿಂದ ದೂರವಿಟ್ಟು, ಸುತ್ತ ಕಸಕಡ್ಡಿ ಇಲ್ಲದಂತೆ ನೋಡಿಕೊಂಡರೆ ಕಡಿಮೆಯಾಗುತ್ತವೆ. ಕತ್ತಲಲ್ಲಿ ಕೈಹಾಕಿ ಸೌದೆ ಎಳೆಯಬೇಡಿ. ಬೆಳಗಿನ ಒಲೆಗೆ ಬೇಕಾದಷ್ಟನ್ನು ಹಿಂದಿನ ದಿನ ಬೆಳಕಿರುವಾಗಲೇ ತಂದಿಡಿ. ತುಂಡಿನಿಂದ ಹಿಟ್ಟಿನಂಥ ನುಣುಪು ಪುಡಿ ಉದುರುತ್ತಿದ್ದರೆ ಕೊರೆಹುಳು ಹಿಡಿದಿದೆ. ಅದನ್ನು ಮರದ ಪೀಠೋಪಕರಣಗಳಿರುವ ಕೋಣೆಗೆ ತರದೆ ಮೊದಲು ಉರಿಸಿ ಮುಗಿಸಿ. ಸೌದೆಯ ಮೇಲೆ ಕೀಟನಾಶಕ ಸಿಂಪಡಿಸಬೇಡಿ, ನಾಳೆ ಅದೇ ಹೊಗೆಯಾಗಿ ಬರುತ್ತದೆ.

ಬೂದಿಯನ್ನು ಏನು ಮಾಡಬೇಕು?

ಬೂದಿಯೊಳಗೆ ಮುಚ್ಚಿಹೋದ ಕೆಂಡ ಒಂದು ದಿನಕ್ಕಿಂತ ಹೆಚ್ಚು ಕಾಲ ಜೀವ ಹಿಡಿದಿರಬಲ್ಲದು. ಆದ್ದರಿಂದ ಪ್ಲಾಸ್ಟಿಕ್ ಬಕೆಟ್ಟಿಗೋ ಕಸದ ಗಾಡಿಗೋ ನೇರವಾಗಿ ಹಾಕದೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಎರಡು ದಿನ ಬಿಡಿ. ಶುದ್ಧ ಮರದ ಬೂದಿಯಲ್ಲಿ ಪೊಟ್ಯಾಶ್ ಮತ್ತು ಸುಣ್ಣದ ಅಂಶವಿರುವುದರಿಂದ ತೆಂಗು, ಬಾಳೆಯ ಬುಡಕ್ಕೆ ಆಗಾಗ ಒಂದೊಂದು ಬೊಗಸೆ ಹಾಕಬಹುದು. ಯೂರಿಯಾ ಜೊತೆ ಬೆರೆಸಬಾರದು, ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಬಣ್ಣದ ಮರ ಅಥವಾ ಗುರುತಿಲ್ಲದ ಹಲಗೆ ಉರಿದ ಬೂದಿಯನ್ನು ಗಿಡಕ್ಕೂ ಪಾತ್ರೆಗೂ ಬಳಸದೆ ತಣಿದ ಮೇಲೆ ಪೊಟ್ಟಣ ಕಟ್ಟಿ ಒಣಕಸಕ್ಕೆ ಕೊಡಿ.